ಎರಡನೇ ಮುದ್ದೆ

ಮೊನ್ನೆ ಚಳಿ ಜಾಸ್ತಿಯಾಯಿತೆಂದು ಬೀರುವಿನಲ್ಲಿ ಮಫ್ಲರ್ ಹುಡುಕುತ್ತಿದ್ದೆ. ಸಿಕ್ಕಿದ್ದು ಹಳೆಯ ಬೆಲ್ಟು. ಈಚೆಗೆ ನನಗೆ ಹುಡುಕಿದ ಸಾಮಾನು ಸಿಗುವುದೇ ಇಲ್ಲ, ಮರೆತ ಸಾಮಾನೆಲ್ಲ ತಾನಾಗಿ ಕೈಗೆ ಬರುತ್ತದೆ. ನೀವೂ ನನ್ನ ವಯಸ್ಸಿನವರಾದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಲ್ಟಿನ ಕಪ್ಪು ಬಣ್ಣ ಅಲ್ಲಲ್ಲಿ ಹೋಗಿ ಒಳಗಿನ ತೊಗಲು ಕಾಣುತ್ತಿತ್ತು. ಬಕಲ್ಲಿಗೆ ತುಕ್ಕು ಹಿಡಿದಿತ್ತು. ನಾನು ನೋಡುತ್ತ ಕೂತದ್ದು ಅದರ ತೂತುಗಳನ್ನು. ನಡುವೆ ಇರುವವು ಅಂಗಡಿಯಿಂದ ತಂದಾಗಲೇ ಇದ್ದವು, ದುಂಡಗೆ, ಒಂದೇ ಅಳತೆಗೆ. ತುದಿಯ ಕಡೆ ಇರುವವು ತುಮಕೂರಿನ ಬಸ್ ಸ್ಟ್ಯಾಂಡಿನ ಪಕ್ಕ ಚಪ್ಪಲಿ ಹೊಲಿಯುವವನ ಕೈಯಲ್ಲಿ ಕೊರೆಸಿದವು. ಅವು ನನ್ನ ಹೊಟ್ಟೆ ಮುಂದೆ ಮುಂದೆ ಹೋದ ಕಾಲದವು. ಬಕಲ್ಲಿನ ಕಡೆ ಸೊಟ್ಟಸೊಟ್ಟಗೆ ಇರುವವು ನಾನೇ ಮೊಳೆ ಕಾಯಿಸಿ ಚುಚ್ಚಿದವು. ಅವು ಹೊಟ್ಟೆ ಹಿಂದಕ್ಕೆ ಬಂದ ಕಾಲದವು.

"ಅದನ್ನ ಎಸೀರಿ ಅಂತ ಎಷ್ಟ್ ಸಲ ಹೇಳೋದು?" ಅಂದಳು ನನ್ನ ಹೆಂಡತಿ ಸರೋಜ. ನಾನು ಎಸೆಯಲಿಲ್ಲ. ಮತ್ತೆ ಅದೇ ಜಾಗದಲ್ಲಿ ಸುತ್ತಿಟ್ಟು, ಮಫ್ಲರ್ ಇಲ್ಲದೆಯೇ ಹೊರಗೆ ಬಂದು ಕೂತೆ.

ಆ ಬೆಲ್ಟು ಕೊಂಡದ್ದು ತೊಂಬತ್ತರ ದಶಕದ ಆರಂಭದಲ್ಲಿ, ನಾನು ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ. ಮನೆ ತುಮಕೂರಿನಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗುವುದು, ಸಂಜೆ ಪ್ಯಾಸೆಂಜರ್ ರೈಲಿನಲ್ಲೇ ಬರುವುದು. ಮೊದಮೊದಲು ಗುಬ್ಬಿ ಸ್ಟೇಷನ್ನಿನಿಂದ ಕಚೇರಿಗೆ ನಡೆದೇ ಹೋಗುತ್ತಿದ್ದೆ. ಆಮೇಲೆ ಜೊತೆಯ ನೌಕರನೊಬ್ಬ ಸ್ಕೂಟರ್ ಕೊಂಡ. ಅದರ ಹಿಂದಿನ ಸೀಟು ಖಾಲಿ ಹೋಗುವುದನ್ನು ನೋಡಲಾರದೆ ನಾನು ಕೂತೆ. ಅಲ್ಲಿಗೆ ನನ್ನ ನಡಿಗೆ ಮುಗಿಯಿತು. ಕಚೇರಿಯಲ್ಲಿ ಕೂತ ಕಡೆಗೇ ತಿಂಡಿ ಬರುತ್ತಿತ್ತು. ಯಾರದೋ ಮಗ ಎಸ್ಸೆಸ್ಸೆಲ್ಸಿ ಪಾಸಾದ ಎಂದು ಮೈಸೂರುಪಾಕು, ಇನ್ಯಾರದೋ ಎಮ್ಮೆ ಈದಿತು ಎಂದು ಗಿಣ್ಣು, ಮತ್ಯಾರದೋ ವರ್ಗಾವಣೆ ರದ್ದಾಯಿತು ಎಂದು ಖಾರಾಬೂಂದಿ. ವರ್ಗಾವಣೆ ರದ್ದಾಗದೆ ಹೋದರೂ ಬೀಳ್ಕೊಡುಗೆಗೆ ಅದೇ ಬೂಂದಿ ಬರುತ್ತಿತ್ತು. ನಾನು ಯಾರಿಗೂ ಬೇಡ ಎಂದವನಲ್ಲ.

ಆಗ ರೈಲ್ವೆ ಸ್ಟೇಷನ್ನಿನಲ್ಲಿ ತೂಕ ನೋಡುವ ಒಂದು ದೊಡ್ಡ ಯಂತ್ರ ಇತ್ತು, ನೆನಪಿದೆಯಾ? ಕೆಂಪು ದೀಪಗಳು ಸುತ್ತಲೂ ಓಡುತ್ತಿದ್ದವು. ನಾಣ್ಯ ಹಾಕಿದರೆ ಒಳಗೆ ಏನೋ ಕಟಕಟ ಎಂದು, ಒಂದು ಪುಟ್ಟ ರಟ್ಟಿನ ಟಿಕೆಟ್ ಬೀಳುತ್ತಿತ್ತು. ಒಂದು ಬದಿಯಲ್ಲಿ ತೂಕ, ಇನ್ನೊಂದು ಬದಿಯಲ್ಲಿ ಭವಿಷ್ಯ. ರೈಲು ತಡವಾದಾಗಲೆಲ್ಲ ನಾನು ಅದರ ಮೇಲೆ ಹತ್ತುತ್ತಿದ್ದೆ. ನೀವು ಉದಾರ ಮನಸ್ಸಿನವರು, ಶತ್ರುಗಳು ನಿಮಗೆ ತಲೆಬಾಗುವರು ಎಂದೆಲ್ಲ ಬರೆದಿರುತ್ತಿತ್ತು. ಓದಿ ಖುಷಿಪಟ್ಟು ಟಿಕೆಟ್ಟನ್ನು ಹಳಿಯ ಕಡೆ ಎಸೆಯುತ್ತಿದ್ದೆ. ನನ್ನ ನಿಜವಾದ ಭವಿಷ್ಯ ಅಚ್ಚಾಗಿದ್ದದ್ದು ಇನ್ನೊಂದು ಬದಿಯಲ್ಲಿ ಎಂದು ಆಗ ಹೊಳೆಯಲಿಲ್ಲ.

ಹೊಳೆಯುವುದಾದರೂ ಹೇಗೆ? ನಮ್ಮ ಕಡೆ ಹೊಟ್ಟೆ ಬಂದವನನ್ನು ಯಾರೂ ಬೈಯುತ್ತಿರಲಿಲ್ಲ. "ಮೈ ತುಂಬ್ಕಂಡಿದೀರ ಸಾ, ಈಗ ಆಫೀಸರ್ ಥರ ಕಾಣ್ತೀರ" ಎಂದು ಮೆಚ್ಚಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಮೆಚ್ಚಿದವಳು ನನ್ನ ಅಕ್ಕ ಗೌರಮ್ಮ.

ಅಕ್ಕನ ವಿಷಯ ಹೇಳದೆ ನನ್ನ ತೂಕದ ವಿಷಯ ಹೇಳಲು ಬರುವುದಿಲ್ಲ. ನಮ್ಮವ್ವ ತೀರಿಕೊಂಡಾಗ ನನಗೆ ಇನ್ನೂ ಸರಿಯಾಗಿ ನಡೆಯಲು ಬರುತ್ತಿರಲಿಲ್ಲವಂತೆ. ಅಕ್ಕನಿಗೆ ಹನ್ನೆರಡು ವರ್ಷ. ಅಪ್ಪ ಹೊಲದಿಂದ ಬರುವಷ್ಟರಲ್ಲಿ ಹಿಟ್ಟಾಗಬೇಕು. ಹಿಟ್ಟು ಎಂದರೆ ರಾಗಿಮುದ್ದೆ, ನಮ್ಮ ಕಡೆ ಹಾಗೇ ಅನ್ನುವುದು. ಬೇಯುತ್ತಿರುವ ತಪ್ಪಲೆಯನ್ನು ನೆಲಕ್ಕೆ ಇಳಿಸಿ, ಬಟ್ಟೆ ಕೊಟ್ಟು ಎರಡು ಪಾದಗಳ ನಡುವೆ ಅದುಮಿ ಹಿಡಿದು, ಎರಡು ಕೈಯಲ್ಲೂ ಕೋಲು ಹಿಡಿದು ತಿರುವುತ್ತಿದ್ದಳು. ಕೋಲು ಇವಳಿಗಿಂತ ಗಟ್ಟಿ. ಅದು ಒಂದು ಸುತ್ತು ಬಂದರೆ ಇವಳೂ ಒಂದು ಸುತ್ತು ಬಂದು ಬಿಡುತ್ತಿದ್ದಳು ಎಂದು ಅಪ್ಪ ಹೇಳಿ ನಗುತ್ತಿದ್ದರು. ಮೊದಲ ವರ್ಷವೆಲ್ಲ ಅವಳ ಮುದ್ದೆಯಲ್ಲಿ ಗಂಟು. ಬಾಯಿಗಿಟ್ಟರೆ ಹಸಿ ಹಿಟ್ಟು ಪುಡಿಪುಡಿಯಾಗಿ ಸಿಗುತ್ತಿತ್ತು. ಅಪ್ಪ ಮಾತಾಡದೆ ನುಂಗುತ್ತಿದ್ದರು. ನನಗೆ ಅವಳು ಗಂಟು ಆರಿಸಿ ಆರಿಸಿ ತಿನ್ನಿಸುತ್ತಿದ್ದಳು.

ನಾನು ಹುಟ್ಟಾ ಒಣಕಲ. ಊರ ಹುಡುಗರು ನನ್ನನ್ನು ಹಂಚಿಕಡ್ಡಿ ಎನ್ನುತ್ತಿದ್ದರು. ಅಕ್ಕನಿಗೆ ಅದು ದೊಡ್ಡ ಅವಮಾನ. ತಾಯಿಯಿಲ್ಲದ ಮಗು ಬಡಕಲಾಗಿದೆ ಎಂದು ಯಾರಾದರೂ ಆಡಿಬಿಟ್ಟರೆ ಎಂಬ ಹೆದರಿಕೆ ಅವಳಿಗೆ ಮದುವೆಯಾಗಿ ಹುತ್ರಿದುರ್ಗದ ಬೆಟ್ಟದ ಮಗ್ಗುಲ ಊರಿಗೆ ಹೋದ ಮೇಲೂ ಬಿಡಲಿಲ್ಲ. ಹಾಗಾಗಿ ಗುಬ್ಬಿ ಕಚೇರಿಯ ಬೂಂದಿಯೆಲ್ಲ ಸೇರಿ ನನ್ನ ಹೊಟ್ಟೆ ಬೆಲ್ಟಿನ ಆಚೆಗೆ ಬಂದಾಗ ಆ ಕೀರ್ತಿಯನ್ನು ಅಕ್ಕ ಪೂರ್ತಿಯಾಗಿ ತಾನೇ ತೆಗೆದುಕೊಂಡಳು. ಮನೆಗೆ ಬಂದವರ ಮುಂದೆ ನನ್ನ ತೋಳು ಹಿಡಿದು ತೋರಿಸುತ್ತಿದ್ದಳು. "ಹಂಚಿಕಡ್ಡಿಯಂಗಿದ್ದ ಕಣಮ್ಮಿ. ಇವ್ನ ಮೈಮ್ಯಾಲೆ ಇರೋದೆಲ್ಲ ನಾನ್ ತಿರುವಿದ್ ಹಿಟ್ಟು."

ಅವಳ ಮನೆಯಲ್ಲಿ ಯಾರಿಗೂ ಒಂದು ಮುದ್ದೆಗೆ ಊಟ ಮುಗಿಯುತ್ತಿರಲಿಲ್ಲ. ಮೊದಲನೆಯದು ಹಸಿವಿಗೆ, ಎರಡನೆಯದು ಪ್ರೀತಿಗೆ. ಎರಡನೆಯದನ್ನು ಕೇಳಿ ಹಾಕುವ ಪದ್ಧತಿಯೇ ಇಲ್ಲ. ನೀವು ತಟ್ಟೆಗೆ ಕೈ ಅಡ್ಡ ಹಿಡಿದರೆ ನಾಚಿಕೆಗೆ ಹಿಡಿದಿದ್ದೀರಿ ಎಂದು ತಿಳಿದು, ಕೈಯನ್ನು ಪಕ್ಕಕ್ಕೆ ಸರಿಸಿ ಹಾಕುತ್ತಾರೆ. ಹಾಕಿದ ಮೇಲೆ ಬಿಡುವ ಹಾಗಿಲ್ಲ.

ನಾನು ನಿವೃತ್ತನಾದದ್ದು ಎರಡು ಸಾವಿರದ ಆಸುಪಾಸಿನಲ್ಲಿ. ಆ ವರ್ಷವೇ ಕಾಲು ಜೋಮು ಹಿಡಿಯಲು ಶುರುವಾಯಿತು. ಸರೋಜ ಬಲವಂತ ಮಾಡಿ ತುಮಕೂರಿನಲ್ಲಿ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಕರಾವಳಿಯ ಕಡೆಯವರು, ಹೊಸದಾಗಿ ಬಂದು ಕ್ಲಿನಿಕ್ ತೆರೆದಿದ್ದರು. ರಕ್ತ ಪರೀಕ್ಷೆಯ ಚೀಟಿ ನೋಡಿ, ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿ, "ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ ಮಾರಾಯ್ರೆ. ತೂಕ ಇಳಿಸಿದ್ರೆ ಹಾಗೇ ವಾಪಸ್ ಹೋಗ್ತದೆ. ಇಲ್ಲದಿದ್ರೆ ಒಳಗೆ ಬರ್ತದೆ" ಎಂದರು.

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನಮ್ಮಪ್ಪನಿಗೂ ಇದೇ ಕಾಯಿಲೆ ಇತ್ತು. ಕೊನೆಗಾಲದಲ್ಲಿ ಅವರು ನಮ್ಮ ಜೊತೆ ತುಮಕೂರಿನಲ್ಲಿದ್ದಾಗ ಎಡಗಾಲಿನ ಬೆರಳಿಗೆ ಆದ ಒಂದು ಸಣ್ಣ ಗಾಯ ಮಾಯಲೇ ಇಲ್ಲ. ಮೊದಲು ಬೆರಳು ಹೋಯಿತು, ಆಮೇಲೆ ಕಾಲೇ ಹೋಯಿತು. ಚಪ್ಪಲಿ ಕೊಳ್ಳುವಾಗ ಜೊತೆಯೇ ಕೊಳ್ಳಬೇಕಲ್ಲ. ಬಲಗಾಲಿನದು ಸವೆಯುತ್ತಿತ್ತು, ಎಡಗಾಲಿನದು ಹೊಸದಾಗಿಯೇ ಬಾಗಿಲ ಸಂದಿಯಲ್ಲಿ ಇರುತ್ತಿತ್ತು. ಅದನ್ನು ಎಸೆಯಲು ಅಪ್ಪ ಬಿಡುತ್ತಿರಲಿಲ್ಲ. ಡಾಕ್ಟರು ಬಾಗಿಲು ಎಂದ ಕೂಡಲೇ ನನ್ನ ಕಣ್ಣಿಗೆ ಬಂದದ್ದು ಆ ಚಪ್ಪಲಿ.

ಆದರೆ ಅವರು ಹೇಳಿದ ಉಪಾಯ ಕೇಳಿ ಅರ್ಧ ಹೆದರಿಕೆ ಅಲ್ಲೇ ಇಳಿಯಿತು. "ದಿನಾ ನಡೀರಿ. ಅನ್ನ ಕಡಿಮೆ ಮಾಡಿ. ನಿಮ್ಮ ಊರಲ್ಲಿ ರಾಗಿ ಉಂಟಲ್ಲ, ಅದು ಒಳ್ಳೆದು. ಅದನ್ನ ತಿನ್ನಿ" ಎಂದರು. ರಾಗಿ ತಿನ್ನಿ ಎಂದು ತುಮಕೂರು ಜಿಲ್ಲೆಯವನಿಗೆ ಡಾಕ್ಟರು ಬರೆದು ಕೊಡುವುದೆಂದರೆ! ನಮ್ಮಲ್ಲಿ ಮುದ್ದೆ ಎಂದೂ ತೂಕದ ಲೆಕ್ಕಕ್ಕೆ ಬಂದದ್ದೇ ಅಲ್ಲ. ಅನ್ನದಿಂದ ಕೊಬ್ಬು ಬರುತ್ತದೆ, ಎಣ್ಣೆಯಿಂದ ಬರುತ್ತದೆ, ಸಿಹಿಯಿಂದ ಬರುತ್ತದೆ. ಮುದ್ದೆಯಿಂದ ಬರುವುದು ಶಕ್ತಿ ಮಾತ್ರ. ಈ ನಂಬಿಕೆಯನ್ನು ನಾವು ಹಾಲಿನ ಜೊತೆ ಕುಡಿದಿದ್ದೇವೆ. ಮನೆಗೆ ಬಂದವನೇ ಅನ್ನಕ್ಕೆ ಬಹಿಷ್ಕಾರ ಹಾಕಿದೆ. ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ಎರಡು ಮುದ್ದೆ. ಜೊತೆಗೆ ಬಸ್ಸಾರು, ಉಪ್ಪೆಸರು, ಸೊಪ್ಪಿನ ಪಲ್ಯ. ಔಷಧಿ ಎಂದ ಮೇಲೆ ಸ್ವಲ್ಪ ಜಾಸ್ತಿಯಾದರೆ ಒಳ್ಳೆಯದೇ ಎಂದು ಕೆಲವೊಮ್ಮೆ ಮತ್ತೂ ಅರ್ಧ.

ನಡಿಗೆಗೂ ಇಳಿದೆ. ಬಿಳಿ ಕ್ಯಾನ್ವಾಸ್ ಶೂ ತಂದೆ. ಜೊತೆಗೆ ಪಕ್ಕದ ಬೀದಿಯ ರುದ್ರಣ್ಣ, ನಿವೃತ್ತ ಬಸ್ ಕಂಡಕ್ಟರು. ಜೀವಮಾನವೆಲ್ಲ ನಿಂತೇ ಕೆಲಸ ಮಾಡಿದ ಅವರಿಗೆ ಕೂತರೆ ಕಾಲು ನೋವು, ನಡೆದರೆ ಬಾಯಿ ನೋವು, ಅಷ್ಟು ಮಾತಾಡುತ್ತಿದ್ದರು. ಇಬ್ಬರೂ ಕತ್ತಲಿರುವಾಗಲೇ ಹೊರಟು ಕ್ಯಾತ್ಸಂದ್ರದ ಕಡೆ ಬೀಸಾಗಿ ನಡೆಯುತ್ತಿದ್ದೆವು. ಕ್ಯಾತ್ಸಂದ್ರ ಗೊತ್ತಿರುವವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಅಲ್ಲಿ ಆ ಹೊತ್ತಿಗೆ ಸರಿಯಾಗಿ ತಟ್ಟೆ ಇಡ್ಲಿಯ ಮೊದಲ ಹಬೆ ಏಳುತ್ತಿರುತ್ತದೆ. ರುದ್ರಣ್ಣ ನಿಂತು ಉಸಿರೆಳೆದುಕೊಳ್ಳುತ್ತಿದ್ದರು.

"ಇಡ್ಲಿ ಅಂದ್ರೆ ಏನು ಗಂಗಾಧರಯ್ಯ? ಬೇಯ್ಸಿದ್ದು. ಎಣ್ಣೆ ಇಲ್ಲ. ಆಸ್ಪತ್ರೇಲೂ ಕೊಡ್ತಾರೆ."

"ಬೆಣ್ಣೆ ಹಾಕ್ತಾರಲ್ಲ?"

"ಅದು ಕೀಲಿಗೆ ಒಳ್ಳೇದು ಕಣ್ರೀ. ಇಷ್ಟ್ ದೂರ ನಡ್ದಿದೀವಿ, ಮಂಡಿ ಸವೆಯಲ್ವಾ?"

ವಾದಕ್ಕೆ ಎದುರು ವಾದ ನನಗೆ ಸಿಗುತ್ತಿರಲಿಲ್ಲ, ಹುಡುಕುತ್ತಲೂ ಇರಲಿಲ್ಲ. ತಲಾ ಎರಡು ತಟ್ಟೆ ಇಡ್ಲಿ ಮುಗಿಸಿ, ಹೊಟ್ಟೆ ಭಾರವಾಯಿತೆಂದು ಸಿಟಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆವು.

ಕೆಲವು ತಿಂಗಳು ಬಿಟ್ಟು ಹೋದಾಗ ಡಾಕ್ಟರು ತಕ್ಕಡಿ ನೋಡಿ, ಕೆಟ್ಟಿದೆಯೇನೋ ಎಂದು ತಾವೇ ಹತ್ತಿ ನೋಡಿದರು. ಅದು ಸರಿಯಾಗಿಯೇ ಇತ್ತು. ನನ್ನ ತೂಕ ಏರಿತ್ತು. ಏನೇನು ತಿನ್ನುತ್ತೀರಿ ಎಂದು ವಿಚಾರಿಸಿದರು. ಇಡ್ಲಿಯ ವಿಷಯ ಸರೋಜಳೇ ಹೇಳಿದಳು, ನನಗೆ ಶ್ರಮ ಕೊಡಲಿಲ್ಲ. ಅವರು ತಲೆ ಚಚ್ಚಿಕೊಂಡರು. ಆಮೇಲೆ, "ಮುದ್ದೆ ಎಷ್ಟು ದೊಡ್ಡದು?" ಎಂದರು. ನಾನು ಕೈಯಲ್ಲಿ ತೋರಿಸಿದೆ. ಅವರು ನಂಬಲಿಲ್ಲ. "ಅದು ಹೇಗೆ ಸಾಧ್ಯ ಮಾರಾಯ್ರೆ? ನಾಳೆ ಒಂದು ತಗೊಂಡು ಬನ್ನಿ, ನೋಡುವ."

ಮರುದಿನ ಟಿಫಿನ್ ಕ್ಯಾರಿಯರಿನಲ್ಲಿ ಮುದ್ದೆ ಇಟ್ಟುಕೊಂಡು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೆ. ಪಕ್ಕದವರೆಲ್ಲ ಮೂತ್ರ ಪರೀಕ್ಷೆಯ ಶೀಶೆ ಹಿಡಿದು ಕೂತಿದ್ದರು, ನಾನು ಮುದ್ದೆ ಹಿಡಿದು ಕೂತಿದ್ದೆ. ನನ್ನ ಸರದಿ ಬಂದಾಗ ಡಾಕ್ಟರು ಮುಚ್ಚಳ ತೆಗೆದರು. ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು. "ಇದು ಮನೆಯವರೆಲ್ಲರಿಗೂ ಸೇರಿ ಅಲ್ವಾ?" ಎಂದರು. ಅಲ್ಲ, ಒಬ್ಬರಿಗೆ, ಒಂದು ಹೊತ್ತಿಗೆ ಇಂಥವು ಎರಡು ಎಂದೆ. ಅವರು ಕುರ್ಚಿಗೆ ಒರಗಿ ನಗಲು ಶುರು ಮಾಡಿದರು. ನಗು ನಿಂತ ಮೇಲೆ ಗಂಭೀರವಾಗಿ, "ರಾಗಿ ಒಳ್ಳೆದು ಅಂದೆ, ಹೌದು. ಅಳತೆ ಹೇಳಲಿಲ್ಲ, ಅದು ನನ್ನ ತಪ್ಪು. ಇನ್ನು ಮೇಲೆ ಒಂದು ಹೊತ್ತಿಗೆ ಒಂದು. ಅದೂ ಮೂಸಂಬಿಯಷ್ಟು. ಎರಡನೆಯದು ಇಲ್ಲವೇ ಇಲ್ಲ" ಎಂದರು.

ಸರೋಜ ಅಂದೇ ಒಂದು ಮೂಸಂಬಿ ತಂದು ಒಲೆಯ ಪಕ್ಕದ ಗೂಡಿನಲ್ಲಿ ಮಾದರಿಗೆಂದು ಇಟ್ಟಳು. ಅದನ್ನು ನೋಡಿಕೊಂಡು ಮುದ್ದೆ ಕಟ್ಟುವಳು. ದಿನ ಕಳೆದಂತೆ ಮೂಸಂಬಿ ಒಣಗಿ ಚಿಕ್ಕದಾಯಿತು. ಅದರ ಜೊತೆಗೇ ನನ್ನ ಮುದ್ದೆಯೂ ಚಿಕ್ಕದಾಗುತ್ತ ಬಂತು. ನಾನು ಹೊಸ ಮೂಸಂಬಿ ತಂದಿಟ್ಟು ಪ್ರತಿಭಟಿಸಬೇಕಾಯಿತು.

ನಡಿಗೆಯ ದಿಕ್ಕನ್ನೂ ಬದಲಾಯಿಸಿದೆ. ಕ್ಯಾತ್ಸಂದ್ರ ಬಿಟ್ಟು, ಕೋರದ ಕಡೆ ಹೋಗುವ ಹೆದ್ದಾರಿ ಹಿಡಿದೆ. "ಆ ಕಡೆ ಒಂದ್ ಹೋಟ್ಲೂ ಇಲ್ವಲ್ರೀ" ಎಂದು ರುದ್ರಣ್ಣ ಗೋಳಾಡಿದರು. ಅದಕ್ಕೇ ಎಂದೆ. ಪಾಪ, ಬೈದುಕೊಂಡೇ ಜೊತೆಗೆ ಬಂದರು. ಹೋಗುತ್ತ ಬರುತ್ತ ಎರಡೂ ಕಡೆ ನಡಿಗೆಯೇ. ಮನೆಯಲ್ಲಿ ಸೌತೆಕಾಯಿ, ಮೊಳಕೆ ಹೆಸರುಕಾಳು, ನೀರುಮಜ್ಜಿಗೆ. ತೆಂಗಿನಕಾಯಿ ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕಾಯಿ ಇಲ್ಲದ ಪಲ್ಯವನ್ನು ಮೊದಲ ದಿನ ನೋಡಿದಾಗ ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ಅನ್ನಿಸಿತು. ಆದರೆ ಮಳೆಗಾಲ ಮುಗಿಯುವಷ್ಟರಲ್ಲಿ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಮೊಳೆ ಕಾಯಿಸಿ ಬೆಲ್ಟಿಗೆ ಮೊದಲ ಸೊಟ್ಟ ತೂತು ಚುಚ್ಚಿದ್ದು ಆಗಲೇ. ಜೋಮು ಹೋಗಿತ್ತು. ಡಾಕ್ಟರು, ಕಾಯಿಲೆ ಬಾಗಿಲಿನಿಂದ ಇಳಿದು ಬೀದಿಗೆ ಹೋಗಿದೆ ಎಂದರು.

ಬೀದಿಯಲ್ಲಿ ಸಿಕ್ಕವರು ಮಾತ್ರ ಯಾರೂ ಸಂತೋಷಪಡಲಿಲ್ಲ. "ಯಾಕ್ ಸಾ, ಹುಷಾರಿಲ್ವಾ?" ಎಂದು ದನಿ ತಗ್ಗಿಸಿ ಕೇಳುತ್ತಿದ್ದರು. ಕೆಲವರು ಸರೋಜಳನ್ನು ಬೇರೆ ಕರೆದು, ಮನೆಯಲ್ಲಿ ಏನಾದರೂ ತೊಂದರೆಯಾ ಎಂದು ವಿಚಾರಿಸಿದರು. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ನನಗೆ ಭಯವಿದ್ದದ್ದು ಅಕ್ಕನ ಮನೆಯ ತಟ್ಟೆಯ ಬಗ್ಗೆ. ಅಪ್ಪನ ಎಡಗಾಲಿನ ಚಪ್ಪಲಿ ಒಂದು ಕಡೆ, ಅಕ್ಕನ ಎರಡನೇ ಮುದ್ದೆ ಇನ್ನೊಂದು ಕಡೆ. ಎರಡನ್ನೂ ಉಳಿಸಿಕೊಳ್ಳುವುದು ಹೇಗೆಂದು ತಿಳಿಯದೆ ಮೂರು ನಾಲ್ಕು ತಿಂಗಳು ಆ ಊರ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಹೋದೆವು. ಅಕ್ಕ ಬಾಗಿಲಲ್ಲಿ ನನ್ನನ್ನು ನೋಡಿ ಕೈಯಲ್ಲಿದ್ದ ಚೆಂಬು ಕೆಳಗಿಟ್ಟಳು. "ಅಯ್ಯೋ ನನ್ನಪ್ಪಾ, ಏನಾಯ್ತ್ಲಾ ಗಂಗ ನಿಂಗೆ?" ಎಂದು ಅತ್ತೇ ಬಿಟ್ಟಳು. ನಾನು ಡಾಕ್ಟರು, ಸಕ್ಕರೆ, ನಡಿಗೆ ಎಂದು ವಿವರಿಸಿದ್ದು ಅವಳ ಕಿವಿಗೆ ಬೀಳಲಿಲ್ಲ. ಕಿವಿಗೆ ಬಿದ್ದಿದ್ದರೆ ಆವತ್ತು ಆ ಗಾತ್ರದ ಮುದ್ದೆ ಕಟ್ಟುತ್ತಿರಲಿಲ್ಲ. ಮೊದಲನೆಯದನ್ನು ಹೇಗೋ ಮುಗಿಸಿದೆ. ಎರಡನೆಯದು ಬಂತು. ಕೈ ಅಡ್ಡ ಹಿಡಿದೆ.

"ಬ್ಯಾಡ ಕಣಕ್ಕ."

"ಸುಮ್ನೆ ಉಣ್ಣು. ಕಡ್ಡಿ ಆಗವ್ನೆ, ಬ್ಯಾಡ್ವಂತೆ."

ನನ್ನ ಕೈ ಸರಿಸಿ ಹಾಕಿಯೇ ಬಿಟ್ಟಳು. ನನಗೆ ಎಲ್ಲಿತ್ತೋ ಸಿಟ್ಟು. "ನನ್ ಕಾಲೂ ಅಪ್ಪನ ಕಾಲಿನಂಗೆ ಕತ್ರಿಸ್ಬೇಕಾ ನಿಂಗೆ?" ಎಂದು ತಟ್ಟೆ ಬಿಟ್ಟು ಎದ್ದು ಕೈ ತೊಳೆದುಕೊಂಡೆ.

ಅಕ್ಕ ತಟ್ಟೆ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ ಮುದ್ದೆಯನ್ನು ಎಮ್ಮೆಯ ಬಾನಿಗೆ ಹಾಕಿ ಬಂದಳು.

ಅದಾದ ಮೇಲೆ ಹೋದಾಗ ನನಗೆ ಅಡುಗೆಮನೆಯಲ್ಲಿ ಮಣೆ ಹಾಕಲಿಲ್ಲ. ನಡುಮನೆಯಲ್ಲಿ ಕುರ್ಚಿ ಹಾಕಿಸಿ, ಸ್ಟೂಲಿನ ಮೇಲೆ ತಟ್ಟೆ ಇಡಿಸಿದಳು. ತಟ್ಟೆಯಲ್ಲಿ ಚಪಾತಿ. ಆ ಮನೆಯಲ್ಲಿ ಚಪಾತಿ ಮಾಡುವುದು ಆಸ್ಪತ್ರೆಯಿಂದ ಬಂದವರಿಗೆ, ಇಲ್ಲವೇ ಹೆಣ್ಣು ನೋಡಲು ಬಂದ ಗುರುತಿಲ್ಲದ ನೆಂಟರಿಗೆ. "ಟವ್ನೋರು ಚಪಾತಿ ತಿಂತಾರಂತೆ. ತಿನ್ನಿ" ಎಂದಳು. ಹುಟ್ಟಿದಾಗಿನಿಂದ ನನ್ನನ್ನು ಏನ್ಲಾ ಎಂದೇ ಕರೆದವಳು ಬಹುವಚನದಲ್ಲಿ ಮಾತಾಡಿದ್ದು ಅದೇ ಮೊದಲು. ಸೊಸೆ ಮಂಜುಳ ಲಟ್ಟಿಸಿದ ಆ ದಪ್ಪ ಚಪಾತಿಗಳಿಗೆ ಎರಡೂ ಬದಿ ಎಣ್ಣೆ ಹಚ್ಚಿದ್ದಳು. ಮೂಸಂಬಿ ಮುದ್ದೆಗಿಂತ ಅವೇ ಹೊಟ್ಟೆಗೆ ಹೆಚ್ಚು ಭಾರ. ಹಾಗೇ ತಿಂದು ಎದ್ದೆ. ಬಹಳ ಬೇಜಾರಾಗಿತ್ತು. ಕಾಯಿಲೆಯೇ ವಾಸಿ ಎನ್ನುವಷ್ಟು.

ಮುಂದಿನ ಸಲ ಹೇಳದೆ ಒಬ್ಬನೇ ಹೊರಟೆ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಹಣ್ಣು ತೆಗೆದುಕೊಂಡೆ, ಮೂಸಂಬಿಯನ್ನೇ ಆರಿಸಿ. ಅಕ್ಕನ ಊರಿಗೆ ಬಸ್ಸು ಹೋಗುವುದಿಲ್ಲ, ಮುಖ್ಯ ರಸ್ತೆಯಿಂದ ಊರಿನ ದಾರಿ ಒಡೆಯುವ ಗೇಟಿನಲ್ಲಿ ಇಳಿಯಬೇಕು. ಯಾವಾಗಲೂ ಅಕ್ಕನ ಮಗ ಬೈಕು ತಂದು ಕರೆದುಕೊಂಡು ಹೋಗುತ್ತಿದ್ದ. ಆವತ್ತು ಹೇಳಿ ಕಳಿಸಿರಲಿಲ್ಲವಲ್ಲ, ನಡೆದೆ. ಎದುರಿಗೆ ಹುತ್ರಿದುರ್ಗದ ಬೆಟ್ಟ. ರಾಗಿ ಕುಯ್ದು ಮೆದೆ ಹಾಕಿದ್ದರು. ಮೊದಲೆಲ್ಲ ಈ ದಾರಿಯನ್ನು ಎಲ್ಲರೂ ನಡೆಯುತ್ತಿದ್ದರು, ಎಲ್ಲರೂ ಎರಡು ಮುದ್ದೆ ಉಣ್ಣುತ್ತಿದ್ದರು, ಯಾರಿಗೂ ಹೊಟ್ಟೆ ಇರಲಿಲ್ಲ ಎಂದು ಯೋಚನೆ ಬಂತು. ಮುದ್ದೆ ಹಾಗೇ ಉಳಿದು ನಡಿಗೆ ಮಾತ್ರ ಹೋಗಿತ್ತು. ಇಷ್ಟು ತಿಳಿಯಲು ನನಗೆ ಕರಾವಳಿಯ ಡಾಕ್ಟರು ಬೇಕಾಯಿತು. ಬಿಸಿಲು ಏರಿತು, ಶೂ ತುಂಬ ಕೆಂಪು ಧೂಳು, ನಿಜವಾದ ಹಸಿವು.

ಅಕ್ಕ ಜಗಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ತಲೆ ಎತ್ತಿ ನೋಡಿದಳು.

"ಬೈಕ್ ಬರ್ಲಿಲ್ವೇನ್ಲಾ?"

ಅವಳ ಬಾಯಿಂದ ಮತ್ತೆ ಏನ್ಲಾ ಕೇಳಿ ನನಗೆ ಅಳು ಬಂದಂತಾಯಿತು. "ನಡ್ಕಂಡ್ ಬಂದೆ" ಎಂದೆ.

"ಗೇಟಿಂದವಾ?"

ಅವಳು ಮೊರ ಪಕ್ಕಕ್ಕಿಟ್ಟು ನನ್ನ ಕಾಲು ನೋಡಿದಳು. ಒಳಗೆ ಹೋಗಿ ಚೆಂಬಿನಲ್ಲಿ ನೀರು ತಂದಳು. ಶೂ ಬಿಚ್ಚು ಎಂದಳು. ನಾನೇ ತೊಳೆದುಕೊಳ್ಳುತ್ತೇನೆ ಎಂದರೂ ಕೇಳದೆ, ಕೂತು ನನ್ನ ಎಡಗಾಲಿನ ಒಂದೊಂದು ಬೆರಳನ್ನೂ ಬಿಡಿಸಿ ನೋಡಿದಳು. ಆಮೇಲೆ ಬಲಗಾಲಿನದು. "ಅಪ್ಪಂಗಾದಂಗೆ ಗಾಯ ಗೀಯ ಏನೂ ಇಲ್ವಲ್ಲ?" ಎಂದಳು. ಇಲ್ಲ ಎಂದೆ. "ಜೋಮು?" ಅದೂ ಇಲ್ಲ ಎಂದೆ. ನಾನು ಆಡಿದ ಮಾತು ಅವಳನ್ನು ಇಷ್ಟು ದಿನವೂ ತಿನ್ನುತ್ತಿತ್ತು ಎಂದು ಆಗ ಗೊತ್ತಾಯಿತು. ಅವಳು ಸೆರಗಿನಲ್ಲಿ ನನ್ನ ಪಾದ ಒರೆಸಿ ಎದ್ದಳು.

"ನಿನ್ ಡಾಕ್ಟ್ರು ಎಷ್ಟು ಉಣ್ಣು ಅಂದವ್ನೆ?"

ನಾನು ಚೀಲದಿಂದ ಒಂದು ಮೂಸಂಬಿ ತೆಗೆದು ಕೊಟ್ಟೆ. ಅವಳು ಅಂಗೈಯಲ್ಲಿ ಹೊರಳಿಸಿ ನೋಡಿದಳು. "ಇಷ್ಟಾ? ಇದು ಕೋಳಿಗ್ ಹಾಕೋದಲ್ವೇನ್ಲಾ!"

ಆದರೂ ಕೂತು ಕಟ್ಟಿದಳು. ಮೊದಲು ಕಟ್ಟಿದ್ದು ದೊಡ್ಡದಾಯಿತು. ಚಿವುಟಿ ತಪ್ಪಲೆಗೆ ವಾಪಸ್ ಹಾಕಿ ಮತ್ತೆ ಉಂಡೆ ಮಾಡಿದಳು, ಅದೂ ದೊಡ್ಡದಾಯಿತು. "ಕೈ ಕೇಳಲ್ಲ ಕಣ್ಲಾ" ಎಂದು ನಕ್ಕಳು. ಕೊನೆಗೆ ಮೂಸಂಬಿಗಿಂತ ಸ್ವಲ್ಪ ದಪ್ಪದ್ದೊಂದು ನನ್ನ ತಟ್ಟೆಗೆ ಬಂತು. ಊಟ ಮುಗಿದ ಮೇಲೆ ಕರಾರು ಹೇಳಿದಳು: "ನಡ್ಕಂಡ್ ಬಂದ್ರೆ ಹಿಟ್ಟು. ಗಾಡೀಲ್ ಬಂದ್ರೆ ಚಪಾತಿ. ನೋಡ್ಕೊ."

ಆಮೇಲೆ ಅದೇ ರೂಢಿಯಾಯಿತು. ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಗೇಟಿನಿಂದ ನಡೆಯುತ್ತಿದ್ದೆ. ಒಂದು ಮುದ್ದೆ ಉಂಡು ಮುಗಿಸುತ್ತಿದ್ದ ಹಾಗೆ ಅಕ್ಕ ಎರಡನೆಯದನ್ನು ಕೈಯಲ್ಲಿ ಹಿಡಿದು ಬರುತ್ತಿದ್ದಳು. "ಇನ್ನೊಂದು?" ಎನ್ನುವಳು. ನಾನು ತಟ್ಟೆಗೆ ಕೈ ಅಡ್ಡ ಹಿಡಿಯುವೆ. ಅವಳು ನನ್ನ ಕೈಯನ್ನು ಸರಿಸದೆ, "ಆಗ್ಲಿ ಬುಡು" ಎಂದು ತಿರುಗಿ ಹೋಗುವಳು. ಹಾಕುವುದಿಲ್ಲವೆಂದು ಅವಳಿಗೂ ಗೊತ್ತು, ಬೇಡವೆನ್ನುತ್ತೇನೆಂದು ನನಗೂ ಗೊತ್ತು. ಆದರೂ ಅವಳು ಕೇಳುವುದನ್ನು ಬಿಡಲಿಲ್ಲ, ನಾನು ಕೈ ಹಿಡಿಯುವುದನ್ನು ಬಿಡಲಿಲ್ಲ. ಬೆಲ್ಟಿಗೆ ಇನ್ನೂ ಒಂದೆರಡು ತೂತು ಬಿದ್ದವು. ಅಕ್ಕನಿಗೆ ಎಪ್ಪತ್ತು ದಾಟಿತು.

ಹೀಗೇ ವರ್ಷಗಳು ಕಳೆದು, ಒಂದು ಮಧ್ಯಾಹ್ನ ಎಂದಿನಂತೆ ನಡೆದು ಹೋದೆ. ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಾಗ ಮಂಜುಳ ನೀರು ಕೊಡುವ ನೆಪದಲ್ಲಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಅತ್ತೆಗೆ ಭುಜ ಎತ್ತಕ್ಕೇ ಆಗಲ್ಲ ಮಾವ. ದಿನಾ ನಾನೇ ತಿರುವ್ತೀನಿ. ನೀವ್ ಬರ್ತೀರ ಅಂತ ಇವತ್ತು ಕೋಲೇ ಕೊಡ್ಲಿಲ್ಲ. ಸಣ್ ತಪ್ಲೇಲಿ ನಿಮ್ಗೊಂದು, ಅವ್ರಿಗೊಂದು ಅಂತ ಎರಡೇ ಮಾಡವ್ರೆ. ನಮ್ಗೆಲ್ಲ ಅನ್ನ."

ಮಣೆಯ ಮೇಲೆ ಕೂತೆ. ಅಕ್ಕ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಮುದ್ದೆ ತಂದು ಹಾಕಿದಳು. ಸೊಪ್ಪಿನ ಸಾರು ಬಿಟ್ಟಳು. ಮುದ್ದೆ ಮೂಸಂಬಿಗಿಂತಲೂ ಚಿಕ್ಕದಾಗಿತ್ತು, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಮುರಿದು ಬಾಯಿಗಿಟ್ಟೆ. ಗಂಟು. ಹಸಿ ಹಿಟ್ಟು ನಾಲಗೆಗೆ ಪುಡಿಪುಡಿಯಾಗಿ ಸಿಕ್ಕಿತು. ನಾನೂ ನಮ್ಮಪ್ಪನ ಹಾಗೆ ಮಾತಾಡದೆ ನುಂಗಿದೆ.

"ಡಾಕ್ಟ್ರು ಹೇಳಿದ್ ಅಳ್ತೆಗೇ ಬಂದದೆ ಇವತ್ತು, ಅಲ್ವೇನ್ಲಾ?" ಎಂದಳು ಅಕ್ಕ. ಮುಖ ಮಾತ್ರ ಬೇರೆ ಕಡೆ ಇತ್ತು.

ಸರಿಯಾಗಿದೆ ಎಂದೆ. ನಾಲ್ಕು ತುತ್ತಿಗೆ ಮುದ್ದೆ ಮುಗಿಯಿತು. ಕೈ ಅಡ್ಡ ಹಿಡಿಯಲು ಅಭ್ಯಾಸದ ಮೇಲೆ ಸಿದ್ಧನಾಗಿ ಕೂತೆ. ಅಕ್ಕ ಕೇಳಲಿಲ್ಲ. ಒಲೆಯ ಪಕ್ಕ ಗೋಡೆಗೆ ಒರಗಿ, ಭುಜ ಒತ್ತಿಕೊಳ್ಳುತ್ತ ಕೂತಿದ್ದಳು. ಇಷ್ಟು ವರ್ಷ ನಾನು ಬೇಡ ಬೇಡ ಎಂದದ್ದು ಕೊನೆಗೂ ನಿಂತಿತ್ತು. ನನಗೆ ಅದು ಸಹಿಸಲಾಗಲಿಲ್ಲ.

"ಅಕ್ಕಾ, ಇನ್ನೊಂದ್ ಹಾಕು."

"ಏನಂದೆ?"

"ಸಾಲ್ದು. ಇನ್ನೊಂದ್ ಹಾಕು ಅಂದೆ."

ಮಂಜುಳ ತಿರುಗಿ ನನ್ನ ಕಡೆ ನೋಡಿದಳು. ತಪ್ಪಲೆಯಲ್ಲಿ ಉಳಿದದ್ದು ಅಕ್ಕನದು ಎಂದು ನನಗೆ ಗೊತ್ತಿತ್ತು. ಅಕ್ಕ ಗೋಡೆ ಹಿಡಿದು ಎದ್ದಳು. ಆ ಮುಖವನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. "ನೋಡ್ದಾ ಮಂಜುಳಾ? ಗೇಟಿಂದ ನಡ್ಕಂಡ್ ಬಂದವ್ನೆ, ಹಸೀದೆ ಇರ್ತದಾ?" ಎಂದು ಬೀದಿಗೆ ಕೇಳುವ ಹಾಗೆ ಹೇಳಿದಳು. ಕೈ ಒದ್ದೆ ಮಾಡಿಕೊಂಡು ತಪ್ಪಲೆಯ ಮುದ್ದೆಯನ್ನು ಎರಡು ಮಾಡಿದಳು. ದೊಡ್ಡ ಭಾಗವನ್ನು ಹಿಡಿದುಕೊಂಡು ನನ್ನ ತಟ್ಟೆಯ ಹತ್ತಿರ ಬಂದು, ರೂಢಿಯಂತೆ ಒಂದು ಗಳಿಗೆ ನಿಂತಳು.

ನಾನು ಕೈ ಅಡ್ಡ ಹಿಡಿಯಲಿಲ್ಲ.